ಸರ್ಫಿಂಗ್ ರಜೆ ಪ್ಲ್ಯಾನ್ ಮಾಡ್ತಿದ್ದೀರಾ? ಅಲೆ ಮೊದಲು ನೋಡಿ, ಟಿಕೆಟ್ ಕೊನೆಗೆ

ಸರ್ಫಿಂಗ್‌ಗೆ ಹೋಗ್ಬೇಕು ಅಂತ ಆಸೆ ಹುಟ್ಟಿದ ತಕ್ಷಣ ಹೆಚ್ಚಿನವರು ಮಾಡೋದೇನು? ಫ್ಲೈಟ್ ರೇಟ್ ನೋಡೋದು, ಕಮ್ಮಿಗೆ ಸಿಕ್ರೆ ಬುಕ್ ಮಾಡೋದು, ಬೀಚ್ ಪಕ್ಕ ಚೆನ್ನಾಗಿರೋ ರೂಮ್ ಹುಡ್ಕೋದು, ಇದೆಲ್ಲ ಆದ್ಮೇಲೆ ಆ ತಿಂಗಳಲ್ಲಿ ಅಲ್ಲಿ ಅಲೆ ಹೇಗಿರತ್ತೆ ಅಂತ ಸರ್ಚ್ ಮಾಡೋದು. ಈ ಕ್ರಮ ಪೂರ್ತಿ ಉಲ್ಟಾ. ಬೇರೆ ಟ್ರಿಪ್‌ನಲ್ಲಿ ಹವಾಮಾನ ಕೈಕೊಟ್ರೆ ಇನ್ನೇನಾದ್ರೂ ನೋಡ್ಕೊಂಡು ಬರಬಹುದು, ಸರ್ಫಿಂಗ್ ಟ್ರಿಪ್‌ನಲ್ಲಿ ಸಮುದ್ರ ನಿಮಗೆ ಹೊಂದಲಿಲ್ಲ ಅಂದ್ರೆ ಬೋರ್ಡ್ ಪಕ್ಕಕ್ಕಿಟ್ಕೊಂಡು ದಡದಲ್ಲಿ ಕೂತಿರೋದೇ ಆಗತ್ತೆ. ಅಲೆಯೇ ಇಲ್ದೆ ನೀರು ಸುಮ್ನೆ ಮಲಗಿರಬಹುದು, ಇಲ್ಲಾ ತಲೆಗಿಂತ ಎತ್ತರದ ಅಲೆ ಬಂದು ಅಪ್ಪಳಿಸ್ತಿರಬಹುದು, ಕಲಿಯೋರಿಗೆ ಎರಡರಿಂದಲೂ ಉಪಯೋಗ ಇಲ್ಲ. ಅದಕ್ಕೇ ಮೊದಲು ನಿಮ್ಮ ಲೆವೆಲ್, ಆಮೇಲೆ ಸೀಸನ್, ಆಮೇಲೆ ಜಾಗ, ಇದು ಮೂರೂ ಕೂತ್ಮೇಲೆ ಟಿಕೆಟ್. ಈ ಲೇಖನ ಅದೇ ಕ್ರಮದಲ್ಲಿ ಹೋಗತ್ತೆ.

1. ನಿಮ್ಮ ಲೆವೆಲ್ ಏನು ಅಂತ ಬರೆದಿಟ್ಕೊಳ್ಳಿ

ಮನಸ್ಸಲ್ಲೇ ಅಂದ್ಕೊಂಡ್ರೆ ಸಾಲದು, ನಿಜವಾಗ್ಲೂ ಬರ್ಕೊಳ್ಳಿ. ಈಜು ಬರತ್ತಾ? ಬರತ್ತೆ ಅಂದ್ರೆ ಕಾಲು ನೆಲಕ್ಕೆ ಸಿಗದ ಕಡೆ ನಿಲ್ಲಿಸದೆ 200 ಮೀಟರ್ ಈಜೋಕಾಗತ್ತಾ? ಬೋರ್ಡ್ ಇದ್ಯಲ್ಲ, ಅದು ತೇಲತ್ತಲ್ಲ, ಈಜು ಯಾಕೆ ಅಂತ ಕೇಳೋರು ತುಂಬಾ ಜನ. ಕಾಲಿಗೆ ಕಟ್ಟೋ ಲೀಶ್ ಹಗ್ಗ ಕಿತ್ತು ಹೋದ್ರೆ ಬೋರ್ಡ್ ದಡ ಸೇರತ್ತೆ, ನೀವು ಅಲ್ಲೇ ಉಳೀತೀರ. ಹಾಗಾಗಿ ಈಜು ಬರಲ್ಲ ಅಂದ್ರೆ ಟ್ರಿಪ್ ನಾಲ್ಕೈದು ತಿಂಗಳು ಮುಂದೆ ಹಾಕಿ ಮೊದಲು ಈಜು ಕಲೀರಿ. ಈ ವಿಷಯದಲ್ಲಿ ನಾನು ರಾಜಿ ಮಾಡ್ಕೊಳ್ಳಲ್ಲ.

ಆಮೇಲಿನ ಪ್ರಶ್ನೆಗಳು: ಬೋರ್ಡ್ ಮೇಲೆ ಒಂದ್ಸಲನಾದ್ರೂ ಎದ್ದು ನಿಂತಿದ್ದೀರಾ? ಒಡೆದು ನೊರೆಯಾಗಿ ಬರೋ ಅಲೆ ಮೇಲಷ್ಟೇನಾ, ಅಥವಾ ಇನ್ನೂ ಒಡೆಯದ ಹಸಿರು ಅಲೆನ ನೀವೇ ಪ್ಯಾಡಲ್ ಮಾಡಿ (ಬೋರ್ಡ್ ಮೇಲೆ ಮಲಗಿ ಕೈಯಲ್ಲಿ ನೀರು ಹಿಂದಕ್ಕೆ ತಳ್ಳಿ) ಹಿಡಿದಿದ್ದೀರಾ? ಯಾರೂ ಹಿಂದಿನಿಂದ ತಳ್ಳದೆ? ಅಲೆ ಸಾಲು ದಾಟಿ ಆಚೆ ನೀವೇ ಹೋಗೋಕಾಗತ್ತಾ, ಬೋರ್ಡನ್ನ ಎಡಕ್ಕೋ ಬಲಕ್ಕೋ ತಿರುಗಿಸೋಕೆ ಬರತ್ತಾ? ನೊರೆ ಅಲೆಯಲ್ಲೇ ಇದ್ದೀರ ಅಂದ್ರೆ ನಿಮಗೆ ಬೇಕಾದ್ದು ಸೊಂಟದೆತ್ತರದ ಮೆತ್ತಗಿನ ಅಲೆ, ಕೆಳಗೆ ಮರಳು, ಪಕ್ಕದಲ್ಲಿ ಕಲಿಸೋರು. ಇಷ್ಟು ಗೊತ್ತಾದ್ರೆ ಮುಂದಿನ ಅರ್ಧ ನಿರ್ಧಾರ ತಾನಾಗೇ ಆಗ್ಬಿಡತ್ತೆ. ಗುಂಪಾಗಿ ಹೋಗ್ತಿದ್ರೆ ಗುಂಪಲ್ಲಿ ಅತಿ ಕಮ್ಮಿ ಗೊತ್ತಿರೋರ ಲೆವೆಲ್‌ಗೆ ಜಾಗ ಆರಿಸಿ, ಚೆನ್ನಾಗಿ ಬರೋರು ಸಣ್ಣ ಅಲೆಯಲ್ಲೂ ಖುಷಿಯಾಗಿರ್ತಾರೆ, ಕಲಿಯೋರು ದೊಡ್ಡ ಅಲೆಯಲ್ಲಿ ಹೆದರಿ ಸರ್ಫಿಂಗನ್ನೇ ಬಿಟ್ಬಿಡ್ತಾರೆ.

2. ಸೀಸನ್: ಅಲೆ ಎಲ್ಲಿಂದ ಬರತ್ತೆ ಅಂತ ಅರ್ಥ ಮಾಡ್ಕೊಂಡ್ರೆ ಸಾಕು

ನೀವು ಸವಾರಿ ಮಾಡೋ ಅಲೆ ಹುಟ್ಟೋದು ಆ ಬೀಚ್‌ನಲ್ಲಲ್ಲ. ಸಾವಿರಾರು ಕಿಲೋಮೀಟರ್ ದೂರದಲ್ಲಿ ಬಿರುಗಾಳಿ ಬೀಸಿ ನೀರನ್ನ ಕೆದಕತ್ತೆ, ಆ ಕದಲಿಕೆ ದೂರ ಸಾಗ್ತಾ ಸಾಗ್ತಾ ಸಾಲುಸಾಲಾಗಿ ಜೋಡಿಸ್ಕೊಂಡು ಬರತ್ತೆ, ಅದಕ್ಕೆ ಸ್ವೆಲ್ ಅಂತಾರೆ. ಒಂದು ಅಲೆಯ ತುದಿ ಬಂದ್ಮೇಲೆ ಇನ್ನೊಂದರ ತುದಿ ಬರೋಕೆ 14 ಸೆಕೆಂಡ್ ತಗೊಳ್ಳೋ ಸ್ವೆಲ್ ಒಂದು ದಿನದಲ್ಲಿ 900 ಕಿಲೋಮೀಟರಿಗಿಂತ ಜಾಸ್ತಿ ದೂರ ಸಾಗತ್ತೆ. ಅದಕ್ಕೇ ಇಲ್ಲಿ ಬಿಸಿಲು ಹೊಡೀತಿದ್ರೂ ಗಾಳಿನೇ ಇಲ್ದಿದ್ರೂ ದೊಡ್ಡ ಅಲೆ ಬರೋದುಂಟು.

ಈಗ ಸೀಸನ್ ಲೆಕ್ಕ ಸುಲಭ. ಉತ್ತರ ಅಟ್ಲಾಂಟಿಕ್, ಉತ್ತರ ಪೆಸಿಫಿಕ್ ಸಾಗರಗಳಲ್ಲಿ ದೊಡ್ಡ ಬಿರುಗಾಳಿಗಳು ಎದ್ದೇಳೋದು ಸುಮಾರು ಅಕ್ಟೋಬರ್‌ನಿಂದ ಮಾರ್ಚ್, ಆಗ ಪೋರ್ಚುಗಲ್, ಮೊರಾಕ್ಕೊ, ಹವಾಯಿಯ ಉತ್ತರ ಕರಾವಳಿ ಇಲ್ಲೆಲ್ಲ ಅಲೆ ದೊಡ್ಡದು. ದಕ್ಷಿಣ ಗೋಳದ ಚಳಿಗಾಲ ಮತ್ತೆ ಅದರ ಹಿಂದೆ ಮುಂದೆ, ಅಂದ್ರೆ ಸುಮಾರು ಏಪ್ರಿಲ್‌ನಿಂದ ಅಕ್ಟೋಬರ್, ಆಗ ಅಂಟಾರ್ಕ್ಟಿಕಾ ಕಡೆಯ ಬಿರುಗಾಳಿಗಳು ಇಂಡೋನೇಷ್ಯಾಕ್ಕೆ, ಮಾಲ್ಡೀವ್ಸ್‌ಗೆ ಸ್ವೆಲ್ ಕಳಿಸ್ತಾವೆ. ಹವಾಯಿಯ ಓವಾಹು ದ್ವೀಪದಲ್ಲಿ ಇದು ಚೆನ್ನಾಗಿ ಕಾಣತ್ತೆ, ಉತ್ತರ ದಡದಲ್ಲಿ ಚಳಿಗಾಲದಲ್ಲಿ ಮನೆಯೆತ್ತರದ ಅಲೆ ಬರ್ತಿರುವಾಗ ದಕ್ಷಿಣ ದಡದ ವೈಕೀಕಿ ಸಣ್ಣಗೆ ಶಾಂತವಾಗಿರತ್ತೆ, ಬೇಸಿಗೆಯಲ್ಲಿ ದಕ್ಷಿಣದ ಸ್ವೆಲ್ ಬಂದಾಗ ವೈಕೀಕಿಗೆ ಜೀವ ಬರತ್ತೆ, ಉತ್ತರ ದಡ ಬಹುಪಾಲು ಸುಮ್ಮನಾಗತ್ತೆ.

ಸ್ವೆಲ್ ಜೊತೆಗೆ ಗಾಳಿ ದಿಕ್ಕೂ ಸೀಸನ್ ಪ್ರಕಾರ ಬದಲಾಗತ್ತೆ. ಶ್ರೀಲಂಕಾದ ದಕ್ಷಿಣ ಕರಾವಳಿ (ವೆಲಿಗಾಮ, ಮಿರಿಸ್ಸ, ಹಿಕ್ಕಡುವ) ಚೆನ್ನಾಗಿರೋದು ನವೆಂಬರ್‌ನಿಂದ ಏಪ್ರಿಲ್ ತನಕ, ಆಮೇಲೆ ಮಳೆಗಾಳಿ ದಿಕ್ಕು ಬದಲಾದಾಗ ಪೂರ್ವದ ಅರುಗಮ್ ಬೇ ಸರದಿ, ಮೇ ಇಂದ ಸೆಪ್ಟೆಂಬರ್. ಬಾಲಿಯಲ್ಲೂ ಹಾಗೇನೆ, ಒಣ ತಿಂಗಳುಗಳಲ್ಲಿ ಪಶ್ಚಿಮ ದಡ, ಮಳೆ ತಿಂಗಳುಗಳಲ್ಲಿ ಪೂರ್ವ ದಡ. ಅಂದ್ರೆ ಒಂದೇ ದ್ವೀಪಕ್ಕೆ ಎರಡು ಸೀಸನ್ ಇರಬಹುದು, ದೇಶದ ಹೆಸರು ನೋಡಿ ಬುಕ್ ಮಾಡಿದ್ರೆ ತಪ್ಪು ದಡದಲ್ಲಿ ಇಳೀತೀರ.

ಇಲ್ಲಿ ಒಂದು ಮಾತು ಒತ್ತಿ ಹೇಳ್ತೀನಿ. ಪಟ್ಟಿಗಳಲ್ಲಿ "ಬೆಸ್ಟ್ ಸೀಸನ್" ಅಂತ ಬರ್ದಿರೋದು ಬಹಳಷ್ಟು ಸಲ ಚೆನ್ನಾಗಿ ಬರೋರಿಗೆ ಬೆಸ್ಟ್, ಅಂದ್ರೆ ಅಲೆ ದೊಡ್ಡದು, ನೀರಲ್ಲಿ ಜನ ಜಾಸ್ತಿ. ಕಲಿಯೋರಿಗೆ ಆ ಸೀಸನ್ನಿನ ಶುರು ಅಥವಾ ಕೊನೆ, ಕೆಲವು ಕಡೆ ಪೂರ್ತಿ ಆಫ್ ಸೀಸನ್ನೇ ಒಳ್ಳೇದು. ಪೋರ್ಚುಗಲ್, ಫ್ರಾನ್ಸ್‌ನ ಅಟ್ಲಾಂಟಿಕ್ ಬೀಚುಗಳು ಬೇಸಿಗೆಯಲ್ಲಿ ಸಣ್ಣ ಅಲೆಯಿಂದ ಹೊಸಬರಿಗೆ ಹೇಳಿ ಮಾಡಿಸಿದ ಹಾಗಿರ್ತಾವೆ, ಅದೇ ಬೀಚ್‌ಗೆ ಡಿಸೆಂಬರ್‌ನಲ್ಲಿ ಹೊಸಬರು ಇಳಿಯೋ ಹಾಗೇ ಇರಲ್ಲ.

3. ಜಾಗ: ನೀರಿನ ಕೆಳಗೆ ಏನಿದೆ ಅಂತ ಕೇಳಿ

ಫೋಟೋದಲ್ಲಿ ಎಲ್ಲ ಅಲೆಯೂ ಚಂದ. ಕೇಳಬೇಕಾದ್ದು ಅದರ ತಳ ಏನು ಅಂತ. ಮರಳಿನ ತಳ ಇದ್ರೆ ಬೀಚ್ ಬ್ರೇಕ್, ಬಿದ್ರೆ ಮರಳಿಗೆ ಬೀಳ್ತೀರ, ಕಲಿಯೋಕೆ ಇದೇ ಸರಿ, ಆದ್ರೆ ಮರಳಿನ ದಿಬ್ಬಗಳು ಜಾಗ ಬದಲಾಯಿಸ್ತಾನೇ ಇರೋದ್ರಿಂದ ಇವತ್ತು ಚೆನ್ನಾಗಿದ್ದ ಜಾಗ ನಾಳೆ ಹಾಗಿರಲ್ಲ. ಹವಳ ಅಥವಾ ಬಂಡೆ ತಳ ಇದ್ರೆ ರೀಫ್ ಬ್ರೇಕ್, ಅಲೆ ಒಂದೇ ಕಡೆ ಒಂದೇ ಥರ ಒಡೆಯತ್ತೆ, ನೋಡೋಕೆ ಪರ್ಫೆಕ್ಟ್, ಬಿದ್ರೆ ಮೈ ಕೊಯ್ಯತ್ತೆ. ಭೂಮಿ ಚಾಚಿಕೊಂಡಿರೋ ಮೂಲೆಯ ಸುತ್ತ ಉದ್ದಕ್ಕೆ ಸುತ್ತಿಕೊಂಡು ಒಡೆಯೋದು ಪಾಯಿಂಟ್ ಬ್ರೇಕ್, ಉದ್ದ ಸವಾರಿ ಸಿಗತ್ತೆ, ತಿರುಗಿಸೋಕೆ ಬರೋರಿಗೆ ಸ್ವರ್ಗ.

ಹೆಸರು ಕೇಳಿ ಮರುಳಾಗಬೇಡಿ. 2024ರ ಒಲಿಂಪಿಕ್ಸ್ ಸರ್ಫಿಂಗ್ ನಡೆದಿದ್ದು ತಹೀತಿಯ ಟೆಯಾಹುಪೋದಲ್ಲಿ, ಅಲ್ಲಿ ದಪ್ಪ ಅಲೆ ತೀರಾ ಆಳ ಇಲ್ಲದ ಹವಳದ ಮೇಲೆ ಒಡೆಯತ್ತೆ. ಪೋರ್ಚುಗಲ್‌ನ ನಝಾರೆಯಲ್ಲಿ ಸಮುದ್ರದಡಿ ಭಾರೀ ಕಂದರ ಇರೋದ್ರಿಂದ ಸ್ವೆಲ್‌ನ ಶಕ್ತಿ ಕುಗ್ಗದೆ ದಡದ ಹತ್ತಿರ ಬಂದು ಒಟ್ಟಾಗತ್ತೆ, 2020ರಲ್ಲಿ ಅಲ್ಲಿ ಸವಾರಿ ಮಾಡಿದ ಅಲೆ 86 ಅಡಿ ಅಂತ ಗಿನ್ನೆಸ್ ದಾಖಲೆ ಆಯ್ತು. ಇವೆಲ್ಲ ದಡದಲ್ಲಿ ನಿಂತು ನೋಡೋ ಜಾಗಗಳು. ಕಲಿಯೋರು ವೆಲಿಗಾಮ, ಬಾಲಿಯ ಕುಟಾ, ವೈಕೀಕಿ, ಕೋಸ್ಟಾರಿಕಾದ ತಮರಿಂಡೋ ಇಂಥ ಕಡೆ ನೋಡಿ, ಇಲ್ಲೆಲ್ಲ ಶಾಲೆಗಳೂ ಬೇಕಾದಷ್ಟಿವೆ, ಬೋರ್ಡೂ ಬಾಡಿಗೆಗೆ ಸಿಗತ್ತೆ.

ನಾನು ಜಾಗ ಆರಿಸುವಾಗ ಮ್ಯಾಪ್ ತೆಗೆದು ಒಂದು ವಿಷಯ ತಪ್ಪದೆ ನೋಡ್ತೀನಿ: ಅರ್ಧ ಗಂಟೆ ಪ್ರಯಾಣದೊಳಗೆ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿರೋ ಎರಡು ಮೂರು ಬೀಚ್ ಇದ್ಯಾ ಅಂತ. ಒಂದು ಕಡೆ ಗಾಳಿ ಕೆಡಿಸಿದ್ರೆ ಇನ್ನೊಂದು ಕಡೆ ಗುಡ್ಡದ ಮರೆಯಲ್ಲಿ ನೀರು ನೀಟಾಗಿರತ್ತೆ, ದೊಡ್ಡ ಸ್ವೆಲ್ ಬಂದ್ರೆ ಕೊಲ್ಲಿಯೊಳಗಿನ ಬೀಚ್‌ನಲ್ಲಿ ಅದೇ ಸ್ವೆಲ್ ಸಣ್ಣದಾಗಿ ಬರತ್ತೆ. ಒಂದೇ ಬೀಚ್ ನಂಬ್ಕೊಂಡು ಹೋದ್ರೆ ಅದೃಷ್ಟ ನಂಬ್ಕೊಂಡು ಹೋದ ಹಾಗೆ.

4. ಎಷ್ಟು ದಿನ, ಯಾರ ಹತ್ರ ಕಲಿಯೋದು

ಮೂರು ದಿನದ ಸರ್ಫಿಂಗ್ ಟ್ರಿಪ್ ಬೇಡ. ಮೊದಲ ದಿನ ಅರ್ಥ ಆಗೋದ್ರೊಳಗೆ ಮುಗಿಯತ್ತೆ, ಎರಡನೇ ದಿನ ಭುಜ ನೋವು, ಮೂರನೇ ದಿನ ಏನೋ ಹಿಡಿತಕ್ಕೆ ಬರೋ ಹೊತ್ತಿಗೆ ಬ್ಯಾಗ್ ಪ್ಯಾಕ್ ಮಾಡ್ಬೇಕು. ಕನಿಷ್ಠ 7 ದಿನ, ಆದ್ರೆ 10. ಅದ್ರಲ್ಲಿ ಒಂದೆರಡು ದಿನ ಸಮುದ್ರ ಕೈಕೊಡತ್ತೆ ಅಂತಾನೇ ಇಟ್ಕೊಳ್ಳಿ, ಇನ್ನೊಂದು ದಿನ ಬೇಕಂತಲೇ ರೆಸ್ಟ್‌ಗೆ ಬಿಡಿ. ದಿನಕ್ಕೆ ಒಂದೂವರೆ ಎರಡು ಗಂಟೆಯ ಒಂದು ಸೆಷನ್, ಮೈ ಒಪ್ಪಿದ್ರೆ ಸಂಜೆ ಇನ್ನೊಂದು ಸಣ್ಣದು, ಅಷ್ಟೇ. ಸುಸ್ತಾದ ಮೈಯಲ್ಲೇ ಪೆಟ್ಟಾಗೋದು ಜಾಸ್ತಿ.

ಶಾಲೆ ಆರಿಸುವಾಗ ಇನ್ಸ್ಟಾಗ್ರಾಮ್ ಪೇಜ್ ನೋಡ್ಬೇಡಿ, ಫೋನ್ ಮಾಡಿ ಕೇಳಿ. ಒಬ್ಬ ಕೋಚ್‌ಗೆ ಎಷ್ಟು ಜನ? ನಾಲ್ಕೈದು ಜನ ಇದ್ರೆ ಸರಿ, ಹತ್ತು ಜನ ಅಂದ್ರೆ ಬೇಡ. ಕೋಚ್‌ಗೆ ಇಂಟರ್‌ನ್ಯಾಷನಲ್ ಸರ್ಫಿಂಗ್ ಅಸೋಸಿಯೇಷನ್ ಅಥವಾ ಆ ದೇಶದ ಸರ್ಫಿಂಗ್ ಸಂಸ್ಥೆಯ ಸರ್ಟಿಫಿಕೇಟ್ ಇದ್ಯಾ, ನೀರಲ್ಲಿ ಕಾಪಾಡೋ ಟ್ರೇನಿಂಗ್ ಆಗಿದ್ಯಾ? ಅಲೆ ತುಂಬಾ ದೊಡ್ಡದಿದ್ದ ದಿನ ಏನ್ಮಾಡ್ತೀರ? ಈ ಕೊನೆ ಪ್ರಶ್ನೆಗೆ ಕೊಡೋ ಉತ್ತರದಲ್ಲೇ ಎಲ್ಲ ಗೊತ್ತಾಗತ್ತೆ. ಕ್ಲಾಸ್ ಕ್ಯಾನ್ಸಲ್ ಮಾಡ್ತೀವಿ, ಇಲ್ಲಾ ಬೇರೆ ಬೀಚ್‌ಗೆ ಕರ್ಕೊಂಡು ಹೋಗ್ತೀವಿ ಅಂದ್ರೆ ಒಳ್ಳೆ ಶಾಲೆ, ಏನೂ ಆಗಲ್ಲ ಬನ್ನಿ ಅಂದ್ರೆ ಬೇರೆ ಕಡೆ ನೋಡಿ.

ಈಗ, ಇಷ್ಟೆಲ್ಲ ಕೂತ್ಮೇಲೆ, ಟಿಕೆಟ್ ಬುಕ್ ಮಾಡಿ. ದಿನಾಂಕ ಬದಲಾಯಿಸೋ ಅವಕಾಶ ಇರೋ ಟಿಕೆಟ್ ಸಿಕ್ರೆ ಸ್ವಲ್ಪ ಜಾಸ್ತಿ ಕೊಟ್ರೂ ತಗೊಳ್ಳಿ. ರೂಮ್ ಸರ್ಫ್ ಮಾಡೋ ಬೀಚ್‌ಗೆ ನಡ್ಕೊಂಡು ಹೋಗೋ ದೂರದಲ್ಲಿದ್ರೆ ಸಾಕು, ಬೋರ್ಡ್ ತೊಳೆಯೋಕೆ ಸಿಹಿನೀರು, ಒದ್ದೆ ಬಟ್ಟೆ ಒಣಗಿಸೋಕೆ ಜಾಗ ಇರ್ಲಿ.

5. ಮೈ ರೆಡಿ ಮಾಡ್ಕೊಳ್ಳೋದು

ಆರರಿಂದ ಎಂಟು ವಾರ ಮೊದಲೇ ಶುರು ಮಾಡಿ. ಸರ್ಫಿಂಗ್ ಅಂದ್ರೆ ನಿಲ್ಲೋದು ಅನ್ಕೊಂಡಿರ್ತೀವಿ, ನಿಜ ಹೇಳ್ಬೇಕಂದ್ರೆ ನೀರಲ್ಲಿರೋ ಹೊತ್ತಲ್ಲಿ ಹೆಚ್ಚಿನ ಪಾಲು ಹೊಟ್ಟೆ ಮೇಲೆ ಮಲಗಿ ಪ್ಯಾಡಲ್ ಮಾಡೋದು, ಉಳಿದಿದ್ದು ಕೂತು ಕಾಯೋದು, ನಿಲ್ಲೋದು ಕೆಲವೇ ಸೆಕೆಂಡು. ಹಾಗಾಗಿ ಭುಜ, ಬೆನ್ನು ಗಟ್ಟಿಯಾಗ್ಬೇಕು. ವಾರಕ್ಕೆ ಮೂರು ದಿನ ಈಜಿ, ಫ್ರೀಸ್ಟೈಲ್ ಆದ್ರೆ ಒಳ್ಳೇದು. ಮನೆಯಲ್ಲಿ ದಿನಾ ಪಾಪ್‌ಅಪ್ ಮಾಡಿ: ನೆಲದ ಮೇಲೆ ಬೋರಲು ಮಲಗಿ, ಅಂಗೈ ಪಕ್ಕೆಲುಬಿನ ಹತ್ರ ಇಟ್ಟು ಒತ್ತಿ, ಒಂದೇ ಸಲಕ್ಕೆ ಎರಡೂ ಕಾಲು ಕೆಳಗೆ ತಂದು ಮಂಡಿ ಬಗ್ಗಿಸಿ ನಿಲ್ಲೋದು. ಮಂಡಿ ಊರಿ ಆಮೇಲೆ ಎದ್ದೇಳೋ ಅಭ್ಯಾಸ ಮಾಡ್ಕೋಬೇಡಿ, ಒಮ್ಮೆ ಮೈಗಂಟಿದ್ರೆ ಬಿಡಿಸೋದು ಕಷ್ಟ.

ಬೆನ್ನಿನ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ. ಸರ್ಫರ್ಸ್ ಮೈಲೋಪತಿ ಅಂತ ಒಂದು ಸಮಸ್ಯೆ ಇದೆ, ತುಂಬಾ ಅಪರೂಪ, ಆದ್ರೆ ಬರೋದು ಹೆಚ್ಚಾಗಿ ಮೊದಲ ಸಲ ಸರ್ಫ್ ಮಾಡೋರಿಗೇನೆ. ಬೋರ್ಡ್ ಮೇಲೆ ಮಲಗಿ ತುಂಬಾ ಹೊತ್ತು ಬೆನ್ನು ಹಿಂದಕ್ಕೆ ಬಾಗಿಸಿದ್ರೆ ಬೆನ್ನುಹುರಿಗೆ ಹೋಗೋ ರಕ್ತ ಕಮ್ಮಿಯಾಗಿ ಕಾಲಿನ ಬಲ ಹೋಗಬಹುದು. ಏಟೇನೂ ಬಿದ್ದಿಲ್ಲ, ಆದ್ರೂ ಇದ್ದಕ್ಕಿದ್ದ ಹಾಗೆ ಬೆನ್ನು ನೋವು ಬಂತು, ಕಾಲು ಜೋಮು ಹಿಡೀತು, ಬಲ ಇಲ್ಲ ಅನ್ನಿಸ್ತು ಅಂದ್ರೆ ಆ ಕ್ಷಣ ನಿಲ್ಲಿಸಿ, ದಡಕ್ಕೆ ಬನ್ನಿ, ಸೀದಾ ಆಸ್ಪತ್ರೆಗೆ ಹೋಗಿ. ಇನ್ನೊಂದೇ ಒಂದು ಅಲೆ ಅನ್ಬೇಡಿ. ನಡುನಡುವೆ ಬೋರ್ಡ್ ಮೇಲೆ ಎದ್ದು ಕೂತು ಬೆನ್ನಿಗೆ ಬಿಡುವು ಕೊಡೋ ಅಭ್ಯಾಸ ಎಲ್ರಿಗೂ ಒಳ್ಳೇದು.

6. ಬೋರ್ಡು, ಬಟ್ಟೆ, ಬ್ಯಾಗು

ಕಲಿಯೋರು ಬೋರ್ಡ್ ಕೊಳ್ಳಬೇಡಿ, ಬಾಡಿಗೆಗೆ ತಗೊಳ್ಳಿ. 8ರಿಂದ 9 ಅಡಿಯ ಸಾಫ್ಟ್‌ಟಾಪ್ ಅಂದ್ರೆ ಮೇಲೆ ಫೋಮ್ ಇರೋದು, ತಲೆಗೆ ಬಡಿದ್ರೂ ಗಾಯ ಕಮ್ಮಿ, ಅಗಲ ಇರೋದ್ರಿಂದ ನಿಲ್ಲೋದು ಸುಲಭ. ಬೋರ್ಡ್ ಎಷ್ಟು ತೇಲಿಸತ್ತೆ ಅನ್ನೋದನ್ನ ಲೀಟರ್ ಲೆಕ್ಕದಲ್ಲಿ ಹೇಳ್ತಾರೆ, ಶುರುವಿನಲ್ಲಿ ನಿಮ್ಮ ತೂಕ ಎಷ್ಟು ಕೆಜಿಯೋ ಕನಿಷ್ಠ ಅಷ್ಟು ಲೀಟರ್ ಇರ್ಲಿ, ಜಾಸ್ತಿ ಇದ್ರೆ ಇನ್ನೂ ಒಳ್ಳೇದು. ಚಿಕ್ಕ ಬೋರ್ಡ್ ನೋಡೋಕೆ ಸ್ಟೈಲಾಗಿರತ್ತೆ ಅಂತ ತಗೊಂಡ್ರೆ ಇಡೀ ವಾರ ಒಂದೂ ಅಲೆ ಹಿಡಿಯೋಕಾಗಲ್ಲ.

ಸ್ವಂತ ಬೋರ್ಡ್ ಇರೋರು ಏರ್‌ಲೈನ್ ನಿಯಮ ಓದಿ, ಕೆಲವರು ಉದ್ದಕ್ಕೆ ಮಿತಿ ಹಾಕ್ತಾರೆ, ಕೆಲವರು ತೂಕಕ್ಕೆ, ಕೆಲವರು ತಗೊಳ್ಳೋದೇ ಇಲ್ಲ. ಫಿನ್ (ಬೋರ್ಡ್ ಕೆಳಗಿನ ರೆಕ್ಕೆ) ಬಿಚ್ಚಿ, ಮೂಗು, ಬಾಲ, ಅಂಚುಗಳಿಗೆ ಟವಲ್ ಸುತ್ತಿ. ಫಿನ್ ಕೀ ಮರೀಬೇಡಿ, ಅದಿಲ್ದೆ ಫಿನ್ ಹಾಕೋಕಾಗಲ್ಲ. ಕಾಲು ಜಾರದಿರಲಿ ಅಂತ ಬೋರ್ಡ್ ಮೇಲೆ ಹಚ್ಚೋ ವ್ಯಾಕ್ಸ್ ಕೂಡ ನೀರಿನ ಬಿಸಿ ನೋಡಿ ತಗೋಬೇಕು, ತಣ್ಣೀರಿನ ವ್ಯಾಕ್ಸ್ ಬೆಚ್ಚಗಿನ ನೀರಲ್ಲಿ ಕರಗಿ ಜಾರತ್ತೆ.

ಬಟ್ಟೆ ನೀರಿನ ಉಷ್ಣಾಂಶದ ಮೇಲೆ. 24 ಡಿಗ್ರಿಗಿಂತ ಮೇಲಿದ್ರೆ ರ‍್ಯಾಶ್‌ಗಾರ್ಡ್ (ಮೈಗಂಟೋ ತೆಳು ಈಜು ಅಂಗಿ) ಮತ್ತೆ ಶಾರ್ಟ್ಸ್ ಸಾಕು, 18ರ ಆಸುಪಾಸಲ್ಲಿ 3/2 ಮಿಲಿಮೀಟರ್ ವೆಟ್‌ಸೂಟ್ (ಮೈಗಂಟೋ ರಬ್ಬರ್ ಸೂಟ್, ಎದೆ ಬೆನ್ನಿಗೆ 3, ಕೈಕಾಲಿಗೆ 2 ಮಿಲಿಮೀಟರ್ ದಪ್ಪ), 14ಕ್ಕಿಂತ ಕೆಳಗೆ 4/3, ಇನ್ನೂ ತಣ್ಣಗಿದ್ರೆ ಬೂಟು, ಗ್ಲೌಸ್, ಹುಡ್ ಎಲ್ಲ ಬೇಕು. ಗಾಳಿಯ ಬಿಸಿ ನೋಡಿ ಮೋಸ ಹೋಗ್ಬೇಡಿ, ಪೋರ್ಚುಗಲ್‌ನಲ್ಲಿ ಬೇಸಿಗೆ ಬಿಸಿಲಿದ್ರೂ ನೀರು ತಣ್ಣಗೇ ಇರತ್ತೆ. ಬೆಚ್ಚಗಿನ ಜಾಗದಲ್ಲೂ ರ‍್ಯಾಶ್‌ಗಾರ್ಡ್ ಹಾಕ್ಕೊಳ್ಳಿ, ವ್ಯಾಕ್ಸ್ ಮೇಲೆ ಉಜ್ಜಿ ಉಜ್ಜಿ ಹೊಟ್ಟೆ, ಎದೆ ತರಚತ್ತೆ, ಮಾರನೇ ದಿನ ಉಪ್ಪುನೀರು ತಾಗಿದ್ರೆ ಉರಿ ತಡ್ಕೊಳ್ಳೋಕಾಗಲ್ಲ. ಸನ್‌ಸ್ಕ್ರೀನ್ ಝಿಂಕ್ ಇರೋದು ತಗೊಳ್ಳಿ. ಹವಾಯಿಯಲ್ಲಿ 2021ರಿಂದ ಆಕ್ಸಿಬೆನ್‌ಝೋನ್, ಆಕ್ಟಿನೋಕ್ಸೇಟ್ ಅನ್ನೋ ರಾಸಾಯನಿಕ ಇರೋ ಸನ್‌ಸ್ಕ್ರೀನ್ ಮಾರೋ ಹಾಗಿಲ್ಲ, ಹವಳಕ್ಕೆ ಹಾನಿ ಅಂತ. ಹೋಗೋ ಜಾಗದ ನಿಯಮ ನೋಡ್ಕೊಂಡೇ ಬ್ಯಾಗಿಗೆ ಹಾಕಿ.

ಇನ್ಶೂರೆನ್ಸ್ ಮಾಡಿಸುವಾಗ ಸರ್ಫಿಂಗ್ ಅನ್ನೋ ಪದ ಪಾಲಿಸಿಯಲ್ಲಿ ಇದ್ಯಾ ಅಂತ ಓದಿ, ಸಾಹಸ ಕ್ರೀಡೆ ಅಂತ ಹೊರಗಿಟ್ಟಿರೋ ಪಾಲಿಸಿಗಳಿವೆ. ಔಷಧಿ ಡಬ್ಬಿಯಲ್ಲಿ ಆಂಟಿಸೆಪ್ಟಿಕ್, ವಾಟರ್‌ಪ್ರೂಫ್ ಬ್ಯಾಂಡೇಜ್, ಮುಳ್ಳು ಕೀಳೋ ಚಿಮಟ ಇರ್ಲಿ. ಹವಳ ತರಚಿದ ಗಾಯ ಸಣ್ಣದು ಅಂತ ಬಿಡ್ಬೇಡಿ, ಬೇಗ ಕೀವಾಗತ್ತೆ, ಸಿಹಿನೀರು ಸೋಪಲ್ಲಿ ಚೆನ್ನಾಗಿ ಉಜ್ಜಿ ತೊಳೀರಿ. ಸ್ಟಿಂಗ್‌ರೇ (ಮರಳಲ್ಲಿ ಹುದುಗಿರೋ, ಬಾಲದಲ್ಲಿ ವಿಷದ ಮುಳ್ಳಿರೋ ಮೀನು) ಇರೋ ಕಡೆ ಕಾಲು ಎತ್ತಿ ಎತ್ತಿ ಇಡದೆ ಮರಳಲ್ಲಿ ಎಳ್ಕೊಂಡು ನಡೀರಿ, ಅದು ಸರ್ಕೊಂಡು ಹೋಗತ್ತೆ.

7. ಅಲ್ಲಿ ಇಳಿದ್ಮೇಲೆ: ಫೋರ್‌ಕಾಸ್ಟ್ ಓದೋದು

ಸರ್ಫ್‌ಲೈನ್, ವಿಂಡಿ, ವಿಂಡ್‌ಗುರು ಅಂತ ಅಲೆ, ಗಾಳಿಯ ಮುನ್ಸೂಚನೆ ಕೊಡೋ ಆ್ಯಪ್‌ಗಳಿವೆ, ಇವ್ಯಾವುದಾದ್ರೂ ಸಾಕು. ಹೊಸಬರು ಅಲೆಯ ಎತ್ತರ ಮಾತ್ರ ನೋಡ್ತಾರೆ. ಅದರ ಪಕ್ಕದಲ್ಲಿ ಸೆಕೆಂಡ್ ಲೆಕ್ಕದಲ್ಲಿ ಪೀರಿಯಡ್ ಅಂತ ಇರತ್ತೆ, ಅಂದ್ರೆ ಒಂದು ಅಲೆ ಬಂದ್ಮೇಲೆ ಇನ್ನೊಂದು ಬರೋಕೆ ಹಿಡಿಯೋ ಹೊತ್ತು, ಅದೇ ಮುಖ್ಯ. 1 ಮೀಟರ್ 7 ಸೆಕೆಂಡ್ ಅಂದ್ರೆ ಹತ್ತಿರದ ಗಾಳಿಗೆ ಎದ್ದ ಮೆತ್ತಗಿನ, ಕೆದರಿದ ಅಲೆ. ಅದೇ 1 ಮೀಟರ್ 14 ಸೆಕೆಂಡ್ ಅಂದ್ರೆ ದೂರದಿಂದ ಬಂದ ಸ್ವೆಲ್, ದಡದ ಹತ್ರ ಬಂದಾಗ ಎದ್ದು ನಿಂತು ಇನ್ನೂ ಎತ್ತರ ಆಗತ್ತೆ, ಹೊಡೆತಾನೂ ಜೋರು. ಎರಡಕ್ಕೂ ಎತ್ತರ ಒಂದೇ ಅಂತ ಇಳಿದ್ರೆ ಆಶ್ಚರ್ಯ ಕಾದಿರತ್ತೆ.

ಗಾಳಿ ನೆಲದಿಂದ ಸಮುದ್ರದ ಕಡೆ ಬೀಸ್ತಿದ್ರೆ ಅಲೆಯ ಮುಖ ನಯವಾಗಿ ನಿಲ್ಲತ್ತೆ, ಸಮುದ್ರದಿಂದ ನೆಲದ ಕಡೆ ಬೀಸಿದ್ರೆ ಎಲ್ಲ ಕಲಸಿಹೋಗತ್ತೆ. ಬೆಳಗ್ಗೆ ಗಾಳಿ ಕಮ್ಮಿ ಇರೋದ್ರಿಂದಲೇ ಸರ್ಫರ್‌ಗಳು ನಸುಕಲ್ಲೇ ಏಳೋದು. ಉಬ್ಬರ ಇಳಿತ ದಿನಾ ಸುಮಾರು 50 ನಿಮಿಷ ತಡವಾಗ್ತಾ ಹೋಗತ್ತೆ, ಹುಣ್ಣಿಮೆ ಅಮಾವಾಸ್ಯೆ ಆಸುಪಾಸು ಏರಿಳಿತ ಜಾಸ್ತಿ, ಕೆಲವು ಬೀಚ್ ಇಳಿತದಲ್ಲಿ ಚೆನ್ನಾಗಿದ್ರೆ ಕೆಲವು ಉಬ್ಬರದಲ್ಲಿ, ಅದನ್ನ ಅಲ್ಲಿನವರನ್ನೇ ಕೇಳಿ. ಎಷ್ಟೇ ಆ್ಯಪ್ ನೋಡಿದ್ರೂ ಇಳಿಯೋ ಮೊದಲು ದಡದಲ್ಲಿ ಒಂದು 15 ನಿಮಿಷ ನಿಂತು ನೋಡಿ: ದೊಡ್ಡ ಅಲೆಗಳು ಎಷ್ಟು ಹೊತ್ತಿಗೊಮ್ಮೆ ಬರ್ತಾವೆ, ಜನ ಎಲ್ಲಿಂದ ಒಳಗೆ ಹೋಗ್ತಾರೆ, ಎಲ್ಲಿಂದ ವಾಪಸ್ ಬರ್ತಾರೆ.

8. ನೀರಲ್ಲಿ

ರಿಪ್ ಕರೆಂಟ್ ಮೊದಲು ಗುರುತಿಸಿ. ಎರಡು ಕಡೆ ಅಲೆ ಒಡೀತಿರುವಾಗ ನಡುವೆ ಅಲೆಯೇ ಒಡೆಯದ, ಸ್ವಲ್ಪ ಕಪ್ಪಗೆ, ಶಾಂತವಾಗಿ ಕಾಣೋ ಪಟ್ಟಿ ಇದ್ರೆ ಅನುಮಾನ ಪಡಿ, ಹೊಸಬರು ಅದೇ ಸುರಕ್ಷಿತ ಅಂತ ಅಲ್ಲಿಗೇ ಇಳೀತಾರೆ. ದಡಕ್ಕೆ ಬಂದ ನೀರು ವಾಪಸ್ ಹೋಗೋ ದಾರಿ ಅದು. ಸಿಕ್ಕಿಹಾಕ್ಕೊಂಡ್ರೆ ದಡದ ಕಡೆ ಎದುರು ಈಜಿ ಸುಸ್ತಾಗ್ಬೇಡಿ, ಬೋರ್ಡ್ ಬಿಡದೆ ದಡಕ್ಕೆ ಸಮಾನಾಂತರವಾಗಿ ಪ್ಯಾಡಲ್ ಮಾಡಿ ಅಲೆ ಒಡೆಯೋ ಕಡೆ ಬನ್ನಿ, ಆಗ್ಲಿಲ್ಲ ಅಂದ್ರೆ ತೇಲ್ತಾ ಕೈ ಎತ್ತಿ ಬೀಸಿ. ಲೈಫ್‌ಗಾರ್ಡ್ ಇರೋ ಬೀಚೇ ಆರಿಸಿ. ಬಹಳ ದೇಶಗಳಲ್ಲಿ ಕೆಂಪು ಹಳದಿ ಬಾವುಟಗಳ ನಡುವಿನ ಜಾಗ ಈಜೋರಿಗೆ, ಅಲ್ಲಿ ಬೋರ್ಡ್ ತರಬಾರದು.

ಬೀಳುವಾಗ ತಲೆ ಕೆಳಗಾಗಿ ಡೈವ್ ಹೊಡೀಬೇಡಿ, ಎಷ್ಟು ಆಳ ಅಂತ ಗೊತ್ತಿರಲ್ಲ, ಚಪ್ಪಟೆಯಾಗಿ ಬಿದ್ದು ಮೇಲೆ ಬರುವಾಗ ಎರಡು ಕೈಯಲ್ಲೂ ತಲೆ ಮುಚ್ಕೊಳ್ಳಿ. ಬೋರ್ಡನ್ನ ನಿಮಗೂ ಬರೋ ಅಲೆಗೂ ನಡುವೆ ಇಟ್ಕೋಬೇಡಿ, ಅಲೆ ಅದನ್ನ ನಿಮ್ಮ ಮುಖಕ್ಕೇ ತಳ್ಳತ್ತೆ.

ಪ್ರಪಂಚದ ಯಾವ ಬೀಚ್‌ಗೆ ಹೋದ್ರೂ ಒಂದು ನಿಯಮ ಬದಲಾಗಲ್ಲ: ಅಲೆ ಮೊದಲು ಒಡೆಯೋ ಜಾಗಕ್ಕೆ ಯಾರು ಹತ್ತಿರ ಇದ್ದಾರೋ ಆ ಅಲೆ ಅವರದ್ದು. ಅವರು ಸವಾರಿ ಮಾಡ್ತಿರುವಾಗ ಮುಂದೆ ನುಗ್ಗಬಾರದು, ಜಗಳ ಆಗೋದು, ಪೆಟ್ಟಾಗೋದು ಇದ್ರಿಂದಲೇ. ಒಳಗೆ ಹೋಗುವಾಗ ಸವಾರರ ದಾರಿಗೆ ಅಡ್ಡ ಬರದೆ ಸುತ್ತಿಕೊಂಡು ಹೋಗಿ, ಎದುರು ದೊಡ್ಡ ಅಲೆ ಬಂತು ಅಂತ ಬೋರ್ಡ್ ಎಸೆದು ಮುಳುಗಬೇಡಿ, ಹಿಂದೆ ಇರೋರ ತಲೆಗೆ ಬಡಿಯತ್ತೆ. ತಪ್ಪಾದ್ರೆ ತಕ್ಷಣ ಸಾರಿ ಕೇಳಿ, ಅಲ್ಲಿನವರಿಗೆ ದಿನಾ ಇಳಿಯೋ ನೀರು ಅದು, ಗೌರವ ಕೊಟ್ರೆ ಮೂರನೇ ದಿನಕ್ಕೆ ಅವರೇ ಕರೆದು ಈ ಅಲೆ ನೀವು ತಗೊಳ್ಳಿ ಅಂತಾರೆ.

ವಾಪಸ್ ಹೊರಡೋ ದಿನ ನೀರಿಗಿಳಿಯೋ ಯೋಚನೆ ಇದ್ರೆ ವೆಟ್‌ಸೂಟ್ ಒಣಗೋಕೆ ಟೈಮ್ ಇದ್ಯಾ ನೋಡಿ, ಒದ್ದೆ ಸೂಟ್ ಬ್ಯಾಗ್ ತೂಕ ಏರಿಸಿಬಿಡತ್ತೆ. ಸಿಹಿನೀರಲ್ಲಿ ತೊಳೆದು ಒಳಗಿನ ಭಾಗ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಸೂಟಿನ ರಬ್ಬರ್ (ನಿಯೊಪ್ರೀನ್) ಸೆಟೆದು ಬಿರುಕು ಬಿಡತ್ತೆ. ಲೀಶ್ ಮತ್ತೆ ಫಿನ್ ಸ್ಕ್ರೂಗಳನ್ನೂ ತೊಳೀರಿ, ಉಪ್ಪು ಹಿಡಿದ ಸ್ಕ್ರೂ ಮುಂದಿನ ಟ್ರಿಪ್ ಹೊತ್ತಿಗೆ ಅಲ್ಲಾಡಲ್ಲ.